ಹಳೇ ಪೋಕ್ಸೋ ಕೇಸಿನಲ್ಲಿ ಮೊದಲು ಹಿಡಿಯಬೇಕಾದ್ದು ತಾರೀಖು

ಹನ್ನೊಂದು ವರ್ಷ ಹಿಂದಿನ ಘಟನೆ, ಹುಡುಗಿಯೊಬ್ಬಳ ಮೇಲಾದ ಲೈಂಗಿಕ ದೌರ್ಜನ್ಯ. ಪೋಕ್ಸೋ ಅಂದರೆ ಮಕ್ಕಳನ್ನು ಇಂಥ ಅಪರಾಧಗಳಿಂದ ಕಾಪಾಡುವ ಕಾಯ್ದೆ. ಕೇಸು ಚಾರ್ಜ್‌ಶೀಟ್ ದಾಟಿ, ವಿಚಾರಣೆಗೆ ಮೊದಲೇ ಬಿಟ್ಟುಬಿಡಿ ಅನ್ನುವ ಆರೋಪಿಯ ಡಿಸ್ಚಾರ್ಜ್ ಅರ್ಜಿಯನ್ನೂ ದಾಟಿ ಈಗ ಸಾಕ್ಷಿ ಹಂತಕ್ಕೆ ಬಂದಿದೆ. "ಲಿಮಿಟೇಶನ್‌ದಾಗ ಹೋಗ್ತೈತಿ, ಗಡುವು ಮುಗದೈತಿ, ಸುಮ್ನ ಯಾಕ ಪೆಟ್ರೋಲ್ ಸುಡ್ತೀರಿ ವಕೀಲ್ರ" ಅಂದಿದ್ದ ಧಾರವಾಡದ ಗೆಳೆಯರೇ ಈಗ ನನ್ನ ತಕರಾರಿನ ನಕಲು ಕೇಳುತ್ತಿದ್ದಾರೆ. ಕೊಟ್ಟಿದ್ದೇನೆ, ಒಂದೆರಡು ಪ್ಯಾರಾ ಬಿಟ್ಟು.

ಹುಡುಗಿಯ ಮನೆಯವರು ಗದಗ ಕಡೆಯವರು. ಪೋಕ್ಸೋ ಕಲಂ 23 ಇದೆ, ಇದಕ್ಕಿಂತ ಜಾಸ್ತಿ ಗುರುತು ಬರೆಯಲ್ಲ. ಸಿದ್ಧಾರೂಢರ ಜಾತ್ರೆಗೆಂದು ಬಂದು ಹುಬ್ಬಳ್ಳಿಯ ನೆಂಟರ ಮನೆಯಲ್ಲಿ ಉಳಿದಾಗ ನಡೆದದ್ದು. ಜಾತ್ರೆ ಅವಳಿಗೆ ಚೆನ್ನಾಗಿ ನೆನಪಿದೆ, ವರ್ಷ ನೆನಪಿಲ್ಲ. ಆಗ ಆರನೇ ಕ್ಲಾಸೋ ಏಳನೇ ಕ್ಲಾಸೋ ಅನ್ನುತ್ತಿದ್ದಳು.

ಎಲ್ಲರೂ ನೇರವಾಗಿ ಸಿಆರ್‌ಪಿಸಿ 468ಕ್ಕೆ, ಅಂದರೆ ಕೋರ್ಟು ಕೇಸು ಕೈಗೆತ್ತಿಕೊಳ್ಳುವ ಗಡುವಿನ ಕಲಮಿಗೆ ಓಡುತ್ತಾರೆ. ನನಗೆ ಗಂಟು ಕಂಡದ್ದು ಪಂಚಾಂಗದಲ್ಲಿ. ಆ ಜಾತ್ರೆ ನಡೆಯುವುದು ಶಿವರಾತ್ರಿಗೆ. ಶಿವರಾತ್ರಿ 2012ರಲ್ಲಿ ಫೆಬ್ರವರಿ 20ಕ್ಕೆ, 2013ರಲ್ಲಿ ಮಾರ್ಚ್ 10ಕ್ಕೆ. ಈ ಎರಡರ ನಡುವೆ ಪೋಕ್ಸೋ ಜಾರಿಗೆ ಬಂತು, 2012ರ ನವೆಂಬರ್ 14ಕ್ಕೆ. ಹೆಣ್ಣಿನ ಮಾನಭಂಗದ ಐಪಿಸಿ 354ರ ಶಿಕ್ಷೆಯೂ 2013ರ ಫೆಬ್ರವರಿ 3ರಿಂದ ಐದು ವರ್ಷಕ್ಕೆ ಏರಿತು. 2012ರ ಜಾತ್ರೆ ಅಂದರೆ ಹಳೇ 354, ಗರಿಷ್ಠ ಎರಡು ವರ್ಷ, ಮೂರು ವರ್ಷದ ಗಡುವು, ಕೇಸು ಅಲ್ಲಿಗೇ ಖಲಾಸ್. 2013ರದ್ದು ಅಂದರೆ ಪೋಕ್ಸೋ ಕಲಂ 8 (ಲೈಂಗಿಕ ಹಲ್ಲೆ), ಗರಿಷ್ಠ ಐದು ವರ್ಷ, ಗಡುವೇ ಇಲ್ಲ.

ಶಾಲೆಗೆ ಹೋದೆ. ಹಾಜರಿ ಪುಸ್ತಕ ಗೆದ್ದಲು ತಿಂದಿದೆ ಅಂದರು. ಮಾಹಿತಿ ಹಕ್ಕಿನಲ್ಲಿ ಹಾಕಿದರೆ ಮೂರನೇ ವ್ಯಕ್ತಿಯ ಮಾಹಿತಿ ಅಂತ ವಾಪಸ್. ಜಾತ್ರೆಯಲ್ಲಿ ತೆಗೆದ ಒಂದು ಫೋಟೋ ಸಿಕ್ಕಿತು, ಮೂಲೆಯಲ್ಲಿ ಹಳದಿ ಅಂಕಿಯಲ್ಲಿ ತಾರೀಖೂ ಇತ್ತು. ನೋಡಿದರೆ ಜನವರಿ 1. ಕ್ಯಾಮೆರಾಕ್ಕೆ ಯಾರೂ ದಿನವನ್ನೇ ಹಾಕಿರಲಿಲ್ಲ! ಫೋಟೋದಿಂದ ತಾರೀಖು ತೆಗೆಯಬಹುದಾ ಅಂತ ಬೆಂಗಳೂರಿನ ಒಬ್ಬರಿಗೆ ಮೂರು ಸಾವಿರದಷ್ಟು ಕೊಟ್ಟೆ. ಅದೂ ನೀರಲ್ಲಿ ಹೋಯಿತು.

ದಾರಿ ಸಿಕ್ಕಿದ್ದು ಅವಳ ಮಾತಿನಲ್ಲೇ. "ತಮ್ಮನ್ನ ನಾನs ಎತ್ಕೊಂಡಿದ್ದೆ ಸರ್, ಅವನ ಟೊಪಗಿ ಕಳದಿತ್ತು, ಅವ್ವ ಬೈದ್ಲು." ತಮ್ಮನ ಜನನ ಪ್ರಮಾಣಪತ್ರ ತರಿಸಿದೆ. ಹುಟ್ಟಿದ್ದು 2012ರ ಮಳೆಗಾಲದಲ್ಲಿ. ಆ ಫೆಬ್ರವರಿಯ ಜಾತ್ರೆಗೆ ಅವನು ಬರುವುದಾದರೂ ಹೇಗೆ? ಮುಂದಿನ ವರ್ಷಗಳ ಜಾತ್ರೆಯೂ ಅಲ್ಲ ಅಂತ ತೋರಿಸಿದ್ದು ಇನ್ನೊಂದು ಕಾಗದ. ಅದು ಯಾವುದು ಅಂತ ಸದ್ಯಕ್ಕೆ ಬೇಡ.

ಠಾಣೆಯಲ್ಲಿ "ಇಷ್ಟು ವರ್ಷ ಏನ್ ಮಾಡ್ತಿದ್ರಿ" ಅನ್ನುವ ಮಾಮೂಲಿ ಪ್ರಶ್ನೆ. ಪೋಕ್ಸೋ ದೂರಿಗೆ ಕಾಲಮಿತಿ ಇಲ್ಲ ಅಂತ ಕೇಂದ್ರ 2018ರಲ್ಲೇ ಹೇಳಿದ್ದನ್ನು ತೋರಿಸಿದೆ, ಮೇಲಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟ್ ಹಾಕಿದೆ. ಆಮೇಲೆ ಎಫ್‌ಐಆರ್ ಆಯಿತು.

ಡಿಸ್ಚಾರ್ಜ್‌ನಲ್ಲಿ ಎದುರಿನವರು ಜಾಣತನ ಮಾಡಿದರು. ಇದು ಹೆಚ್ಚೆಂದರೆ ಪೋಕ್ಸೋ ಕಲಂ 12 (ಲೈಂಗಿಕ ಕಿರುಕುಳ), ಮೂರು ವರ್ಷದ ಶಿಕ್ಷೆ, ಗಡುವು ಮುಗಿದಿದೆ ಅಂದರು. ಚಾರ್ಜ್‌ಶೀಟಿನಲ್ಲಿ 8 ಮತ್ತು 12 ಎರಡೂ ಇದ್ದವು. ಒಟ್ಟಿಗೆ ವಿಚಾರಣೆಯಾಗುವ ಅಪರಾಧಗಳಲ್ಲಿ ದೊಡ್ಡ ಶಿಕ್ಷೆಯದ್ದೇ ಲೆಕ್ಕ ಅನ್ನುತ್ತದೆ 468(3), ಸಿಆರ್‌ಪಿಸಿ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 514. ಸರ್ಕಾರಿ ವಕೀಲರು (ಪಿ.ಪಿ.) ಇದನ್ನೇ ಹಿಡಿದು ವಾದಿಸಿದರು. ವಿಳಂಬ ಮನ್ನಾಕ್ಕೂ ಒಂದು ಅರ್ಜಿ ತಯಾರಿತ್ತು, ಬೇಕಾಗಲಿಲ್ಲ. ಸುಪ್ರೀಂ ಕೋರ್ಟಿನ ಸಾರಾ ಮ್ಯಾಥ್ಯೂ ತೀರ್ಪನ್ನು ಎಲ್ಲರೂ ಉದ್ಧರಿಸುತ್ತಾರೆ, ಆದರೆ ಅದು ಗಡುವನ್ನು ಫಿರ್ಯಾದಿ ಕೊಟ್ಟ ದಿನದವರೆಗೆ ಲೆಕ್ಕ ಹಾಕುತ್ತದೆ. ಹನ್ನೊಂದು ವರ್ಷ ಕಳೆದವರಿಗೆ ಅದರಿಂದ ಏನು ಬಂತು?

ಗೊತ್ತಿದ್ದೂ ಮುಚ್ಚಿಟ್ಟ ನೆಂಟರ ಮೇಲೆ ಕಲಂ 21 ಹಾಕಿಸಲೂ ನೋಡಿದೆವು. ಶಿಕ್ಷೆ ಆರು ತಿಂಗಳು, ಹಾಗಾಗಿ ಗಡುವು ಒಂದೇ ವರ್ಷ. ಅದು ನಿಲ್ಲಲಿಲ್ಲ.

ಖರ್ಚು ನನ್ನ ಅಂದಾಜಿನಲ್ಲಿ ಹದಿನೈದು ಸಾವಿರದ ಮೇಲೆ. ಸರ್ಟಿಫೈಡ್ ಕಾಪಿ, ಟೈಪಿಂಗ್, ಗದಗಕ್ಕೆ ಓಡಾಟ. ಫೀಸು ಕೇಳಿಲ್ಲ. ಅವಳ ಅವ್ವ ಒಂದು ಚೀಲ ಶೇಂಗಾ ತಂದುಕೊಟ್ಟರು, ಬೇಡ ಅನ್ನಲಿಲ್ಲ.

ಮುಂದಿನ ವಾಯಿದೆಗೆ ಹುಬ್ಬಳ್ಳಿಯ ಆ ಮನೆಯವರ ಸಾಕ್ಷಿ ಇದೆ. ಪಿ.ಪಿ.ಗೆ ಪ್ರಶ್ನೆಗಳನ್ನು ಬರೆದುಕೊಟ್ಟಿದ್ದೇನೆ. ಇಲ್ಲಿ ಹಾಕಲ್ಲ, ಎದುರಿನ ವಕೀಲರೂ ಓದುತ್ತಾರೆ ಅಲ್ವಾ.