ಕಸದ ಯಾರ್ಡ್ ದೊಡ್ಡದು ಮಾಡುವ ಮುಂಚೆ ನರಿಯ ಬಿಲ ಹುಡುಕಿ

ನಾನು ಬಯಲುಸೀಮೆಯ ಒಂದು ನಗರಸಭೆಯಲ್ಲಿ ಪರಿಸರ ಎಂಜಿನಿಯರ್. ನಮ್ಮ ಕಸದ ಯಾರ್ಡ್ ಇರುವುದು ಊರಾಚೆ, ಕುರುಚಲು ಗುಡ್ಡದ ಬುಡದಲ್ಲಿ. ಅದನ್ನು ಪಕ್ಕದ ಹನ್ನೆರಡು ಎಕರೆಗೆ ವಿಸ್ತರಿಸುವ ಕೆಲಸ ನನ್ನ ತಲೆಗೆ ಬಂತು. ಪಹಣಿಯಲ್ಲಿ ಆ ಜಾಗ 'ಖರಾಬು'. ಅಂದರೆ ಕಂದಾಯದ ಲೆಕ್ಕಕ್ಕೆ ಅಲ್ಲಿ ಏನೂ ಇಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ. ಇದೇ ಕೆಲಸ ಹೊತ್ತವರು ನಾನು ಮಾಡಿದ ತಪ್ಪನ್ನೇ ಮತ್ತೆ ಮಾಡದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು, ಜಾಗ ನಿಜವಾಗಿ ಎಷ್ಟು ಬೇಕು ನೋಡಿ. ಹಳೇ ಕಸದ ಗುಡ್ಡವನ್ನು ಅಗೆದು ಟ್ರಾಮೆಲ್ ಜರಡಿಗೆ ಹಾಕಿದರೆ ಮಣ್ಣು, ಕಲ್ಲು, ಪ್ಲಾಸ್ಟಿಕ್ ಬೇರೆಬೇರೆ ಆಗುತ್ತವೆ. ಪ್ಲಾಸ್ಟಿಕ್ ಸಿಮೆಂಟ್ ಫ್ಯಾಕ್ಟರಿಗೆ ಉರುವಲಾಗಿ ಹೋಗುತ್ತದೆ. ಗುಡ್ಡ ಕೂತಿದ್ದ ನೆಲ ವಾಪಸ್ ಸಿಗುತ್ತದೆ. ಇದಕ್ಕೇ ಬಯೋಮೈನಿಂಗ್ ಅನ್ನುವುದು. ಹೀಗೆ ಮಾಡಿದ್ದರಿಂದ ನಮ್ಮ ಹನ್ನೆರಡು ಎಕರೆ ಐದಕ್ಕೆ ಇಳಿಯಿತು. ಆಮೇಲೆ ನಾನು ಏನೇನೋ ಮಾಡಿದೆ, ಆದರೆ ಆ ಏಳು ಎಕರೆ ಉಳಿಸಿದ್ದಕ್ಕೆ ಯಾವುದೂ ಸಮ ಅಲ್ಲ.

ಇನ್ನು ಸರ್ವೆ. ಬೆಳಿಗ್ಗೆ ಹನ್ನೊಂದಕ್ಕೆ ಜೀಪಿನಲ್ಲಿ ಹೋಗಿ 'ವನ್ಯಜೀವಿ ಕಂಡುಬಂದಿಲ್ಲ' ಅಂತ ಬರೆಯಬೇಡಿ. ಆ ಬಿಸಿಲಲ್ಲಿ ಯಾವ ಪ್ರಾಣಿ ಓಡಾಡುತ್ತದೆ? ಸೂರ್ಯ ಹುಟ್ಟುವ ಮುಂಚೆ ಹೋಗಿ, ಸಂಜೆ ಮತ್ತೆ ಹೋಗಿ. ಅಲ್ಲಿ ಕುರಿ ಮೇಯಿಸುವವರನ್ನು ಮಾತಾಡಿಸಿ. ನಾನು "ಯಜಮಾನ್ರೇ, ಇಲ್ಲಿ ನರಿ ಇದೆಯಾ?" ಅಂತ ಕೇಳಿದೆ. "ಯಾವ ನರಿ ಮೇಡಂ? ದೊಡ್ಡದಾ, ಸಣ್ಣದಾ?" ಅಂದರು. ಎರಡು ಥರ ಇವೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ದೊಡ್ಡದು ಇಂಗ್ಲಿಷಿನ ಜಾಕಲ್, ಸಣ್ಣದು ಫಾಕ್ಸ್. ಸಣ್ಣದರ ಬಾಲದ ತುದಿ ಕಪ್ಪು. ಅವರು ತೋರಿಸಿದ ಬಿಲಕ್ಕೆ ನಾಲ್ಕು ಬಾಯಿ. ಮೂರಕ್ಕೆ ಜೇಡರ ಬಲೆ ಕಟ್ಟಿತ್ತು. ನಾಲ್ಕನೆಯದರ ಮುಂದೆ ಹೊಸ ಮಣ್ಣು, ಪುಟ್ಟ ಹೆಜ್ಜೆಗಳು, ಬೋರೆ ಹಣ್ಣಿನ ಬೀಜ ತುಂಬಿದ ಹಿಕ್ಕೆ. ಅದು ನಮ್ಮ ನಕ್ಷೆಯಲ್ಲಿ ಟಿಪ್ಪರ್ ತಿರುಗುವ ಜಾಗ!

ಬಿಲದ ಹತ್ತಿರ ಸುಣ್ಣದ ಗುರುತು ಮಾತ್ರ ಹಾಕಬೇಡಿ. ಬೇಟೆಯವರಿಗೆ ದಾರಿ ತೋರಿಸಿದ ಹಾಗಾಗುತ್ತದೆ. ಮೊಬೈಲ್‌ನಲ್ಲಿ ಜಿಪಿಎಸ್ ಪಾಯಿಂಟ್ ತೆಗೆದುಕೊಂಡರೆ ಸಾಕು.

ಕಸ ಹೂಳುವ ಜಾಗ ನದಿಯಿಂದ 100 ಮೀಟರ್, ಕೊಳದಿಂದ 200 ಮೀಟರ್ ದೂರ ಇರಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ಪರಿಸರ ಅನುಮತಿ ಬೇರೆ ಬೇಕು. ಆದರೆ ಒಣಹಳ್ಳ ನಕ್ಷೆಯಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಮಳೆಗಾಲದಲ್ಲಿ ಕೆಳಗಿನ ಕೆರೆಗೆ ನೀರು ಒಯ್ಯುವುದು ಅದೇ, ಪ್ರಾಣಿಗಳು ರಾತ್ರಿ ನಡೆಯುವ ದಾರಿಯೂ ಅದೇ. ಇಳಿಜಾರಿನ ಕಡೆಗಂತೂ ಕಸ ಏರಿಸಲೇಬೇಡಿ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಪಕ್ಕದ ಮಂದಾರ ಎಂಬ ಊರಿನ ತೋಟ, ಮನೆಗಳನ್ನು ಮುಚ್ಚಿದ್ದು ನೆನಪಿದೆ ಅಲ್ವಾ? ಬಫರ್ ಜಾಗವನ್ನು, ಅಂದರೆ ಕಸ ಹಾಕದೆ ಖಾಲಿ ಬಿಡುವ ಅಂಚನ್ನು, ಸುತ್ತಲೂ ಒಂದೇ ಅಳತೆಯಲ್ಲಿ ಬಿಡುವ ಬದಲು, ಬಿಲ ಮತ್ತು ಹಳ್ಳದ ಕಡೆಗೆ ಜಾಸ್ತಿ ಬಿಡಿ.

ಜೆಸಿಬಿ ಇಳಿಸಲು ಒಳ್ಳೆಯ ಕಾಲ ದೀಪಾವಳಿಯಿಂದ ಸಂಕ್ರಾಂತಿಯವರೆಗೆ. ಸಂಕ್ರಾಂತಿ ಕಳೆದರೆ ಬಿಲದಲ್ಲಿ ಮರಿಗಳ ಕಾಲ. ಬೇಸಿಗೆಯಲ್ಲಿ ಟಿಟ್ಟಿಭ ಹಕ್ಕಿ ಬರೀ ಜಲ್ಲಿಯ ನಡುವೆ ನಾಲ್ಕು ಮೊಟ್ಟೆ ಇಟ್ಟಿರುತ್ತದೆ, ಕಾಲಿಟ್ಟರೂ ಗೊತ್ತಾಗುವುದಿಲ್ಲ. ಯಾರ್ಡ್ ಕಡೆಯಿಂದ ಶುರು ಮಾಡಿ ಗುಡ್ಡದ ಕಡೆಗೆ ನಿಧಾನವಾಗಿ ಹೋಗಿ, ಓಡುವವಕ್ಕೆ ಓಡಲು ದಾರಿ ಇರಲಿ. ಮೇಲಿನ ಅರ್ಧ ಅಡಿ ಮಣ್ಣನ್ನು ಬೇರೆ ರಾಶಿ ಹಾಕಿ. ಅದರಲ್ಲಿ ಆ ಜಾಗದ್ದೇ ಹುಲ್ಲಿನ ಬೀಜ ಇದೆ. ಮುಂದೆ ಕಸ ಹೂಳುವ ಗುಂಡಿ ತುಂಬಿದಾಗ ಮೇಲೆ 45 ಸೆಂಟಿಮೀಟರ್ ಗಿಡ ಬೆಳೆಯುವ ಮಣ್ಣು ಹೇಗೂ ಬೇಕು. ಅಲ್ಲಿ ಹುಲ್ಲು ಬೆಳೆಯಲು ಬಿಡಿ. ವನಮಹೋತ್ಸವ ಅಂತ ಮರ ನೆಟ್ಟರೆ ಬೇರು ಆ ಮಣ್ಣಿನ ಕೆಳಗೆ ಕಸವನ್ನು ಮುಚ್ಚಿರುವ ಜೇಡಿಮಣ್ಣಿನ ಪದರ ಸೀಳುತ್ತದೆ.

ಗುಂಡಿಯ ತಳಕ್ಕೆ 90 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ 1.5 ಮಿಲಿಮೀಟರ್ ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ ಶೀಟು. ಇದು ಗುತ್ತಿಗೆದಾರರಿಗೆ ಗೊತ್ತಿರುತ್ತದೆ. ಅವರು ಯೋಚಿಸದೇ ಇರುವುದು ಲೀಚೇಟ್ ಹೊಂಡ, ಅಂದರೆ ಕಸದಿಂದ ಸೋರುವ ಕೊಳೆನೀರು ನಿಲ್ಲುವ ಹೊಂಡ. ಅದಕ್ಕೂ ಅದೇ ಕಪ್ಪು ಶೀಟು, ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಮೊದಲ ಬೇಸಿಗೆಯಲ್ಲಿ ಒಂದು ಉಡ ಒಳಗೆ ಬಿದ್ದಿತ್ತು. ಬಂಡೆಯನ್ನೇ ಹಿಡಿದು ಏರುವ ಪ್ರಾಣಿ, ಆ ಶೀಟು ಹತ್ತಲಾಗದೆ ಸತ್ತಿತ್ತು. ಅಂಚಿನಲ್ಲಿ ಉಗುರಿನ ಗೀರು ಸಾಲುಸಾಲಾಗಿ ಇದ್ದವು. ತಪ್ಪು ನನ್ನದೇ, ಡ್ರಾಯಿಂಗ್‌ಗೆ ಸಹಿ ಹಾಕಿದ್ದು ನಾನು. ಈಗ ನಾಲ್ಕೂ ಮೂಲೆಗೆ ದಪ್ಪ ಹಗ್ಗದ ಬಲೆ ಇಳಿಬಿಟ್ಟು, ದಂಡೆಗೆ ಗೂಟ ಹೊಡೆದು ಕಟ್ಟಿದ್ದೇವೆ. ಮೇಲೆ ಹಕ್ಕಿಗಳು ಇಳಿಯದಂತೆ ಬಲೆ ಬೇರೆ. ಖರ್ಚು ಏನೂ ದೊಡ್ಡದಲ್ಲ.

ಎಲ್ಲಕ್ಕಿಂತ ದೊಡ್ಡ ತಲೆನೋವು ನಾಯಿ. ಯಾರ್ಡ್ ದೊಡ್ಡದಾದಷ್ಟೂ ನಾಯಿಗಳ ಗುಂಪು ದೊಡ್ಡದಾಗುತ್ತದೆ. ಅವು ಮೊಲ ಅಟ್ಟುತ್ತವೆ, ನರಿಗಳಿಗೆ ರೇಬೀಸ್, ಡಿಸ್ಟೆಂಪರ್ ಅಂಟಿಸುತ್ತವೆ. ಹಿಡಿದು ಬೇರೆ ಕಡೆ ಬಿಡುತ್ತೇವೆ ಅನ್ನುವಂತಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಸಂತಾನಹರಣ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡಬೇಕು. ಅದರ ಜೊತೆಗೆ ಊಟ ನಿಲ್ಲಿಸಬೇಕು. ಕೋಳಿ ಅಂಗಡಿ ಕಸ, ಹೋಟೆಲ್ ಕಸ ಗುಂಡಿಗೆ ಬರಲೇಬಾರದು. ಬಂದ ಕಸದ ಮೇಲೆ ಅದೇ ಸಂಜೆ 10 ಸೆಂಟಿಮೀಟರ್ ಮಣ್ಣು ಬೀಳಬೇಕು. ಜಾಲರಿ ಬೇಲಿಯನ್ನು ಒಂದು ಅಡಿ ನೆಲದೊಳಗೆ ಹೂಳಿ. ಆದರೆ ಬೇಲಿ ಗುಂಡಿಯ ಸುತ್ತ ಮಾತ್ರ, ಬಫರ್ ಜಾಗಕ್ಕೆ ಬೇಡ.

ಗೇಟಿನ ರಿಜಿಸ್ಟರ್‌ನಲ್ಲಿ ಗಾಡಿ ನಂಬರ್, ತೂಕದ ಪಕ್ಕ ಇನ್ನೊಂದು ಕಾಲಂ ಎಳೆಸಿ, 'ಕಂಡದ್ದು' ಅಂತ. ನಮ್ಮ ರಾತ್ರಿ ಕಾವಲುಗಾರರು ಮೊದಮೊದಲು ಸುಮ್ನೆ ಗೀಟು ಹಾಕುತ್ತಿದ್ದರು. ಕಳೆದ ವಾರದ್ದು ನೋಡಿದೆ: "ನರಿ 1. ಮರಿ 3. ನಾಯಿ ಬೊಗಳಿತು, ಓಡಿಸಿದೆ."