ಟಿಕೆಟ್ ಆಮೇಲೆ, ಮೊದಲು ಚಿಪ್: ಶಿರಸಿಯ ನಾಯಿ, ಬೆಕ್ಕು ಜರ್ಮನಿಗೆ ಹೋದದ್ದು

ನಾಯಿ, ಬೆಕ್ಕು ಕರೆದುಕೊಂಡು ಯುರೋಪಿಗೆ ಹೋಗುವುದು ಹೇಗೆ ಎಂದು ಊರ ಕಡೆಯವರು ಕೇಳಿದಾಗೆಲ್ಲ ನಾನು ಹೇಳುವುದು ಒಂದೇ: ಟಿಕೆಟ್ ಆಮೇಲೆ, ಮೊದಲು ಚಿಪ್. ಚಿಪ್ ಅಂದರೆ ಪ್ರಾಣಿಯ ಚರ್ಮದೊಳಗೆ ಹಾಕುವ, ಗುರುತಿನ ನಂಬರ್ ಇರುವ ಸಣ್ಣ ಸಾಧನ. ಕಾಗದಪತ್ರ ಅಂಥ ಕಷ್ಟ ಏನಲ್ಲ, ದುಡ್ಡೂ ಹೇಗೋ ಹೊಂದಿಸಬಹುದು. ಆದರೆ ಯಾವುದರ ನಂತರ ಯಾವುದು ಎನ್ನುವುದು ಹಿಂದುಮುಂದಾದರೆ ಮತ್ತೆ ಮೊದಲಿಂದ ಶುರು.

ನಮ್ಮ ಮನೆ ಶಿರಸಿಯಿಂದ ಬನವಾಸಿ ಕಡೆ ಹೋಗುವ ದಾರಿಯಲ್ಲಿ. ಕರಿಯ ಅಪ್ಪಟ ಊರನಾಯಿ. ಚಿನ್ನಿ ನಮ್ಮ ಅಟ್ಟದ ಮೇಲೆ, ಅಡಿಕೆ ಚೀಲಗಳ ನಡುವೆ ಹುಟ್ಟಿದ ಬೆಕ್ಕು. ಗಂಡನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಾಗ ಇವರಿಬ್ಬರನ್ನು ಬಿಟ್ಟು ಹೋಗುವ ಮಾತೇ ಬರಲಿಲ್ಲ. ದೊಡ್ಡಪ್ಪ ಮಾತ್ರ "ಅಲ್ಲಿ ನಾಯಿ ಸಿಕ್ತಿಲ್ಯ? ಇಲ್ಲಿಂದ ಎಂತಕ್ಕೆ ಹೊತ್ಕಂಡು ಹೋಪದು?" ಎಂದು ಹೊರಡುವ ದಿನದವರೆಗೂ ಕೇಳುತ್ತಲೇ ಇದ್ದರು.

ಕರಿಯನಿಗೆ ಪಶು ಆಸ್ಪತ್ರೆಯಲ್ಲಿ ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿಸುತ್ತಿದ್ದೆವು, ಕಾರ್ಡೂ ಇತ್ತು. ಆದರೆ ಯುರೋಪಿನವರಿಗೆ ಅದು ಲೆಕ್ಕಕ್ಕಿಲ್ಲ. ಚಿಪ್ ಹಾಕಿದ ದಿನ ಅಥವಾ ಅದಾದ ಮೇಲೆ ಕೊಟ್ಟ ಲಸಿಕೆ ಮಾತ್ರ ಲಸಿಕೆ. ಯಾಕೆಂದರೆ ಚಿಪ್ ಇಲ್ಲದಿದ್ದರೆ ಸೂಜಿ ಚುಚ್ಚಿಸಿಕೊಂಡದ್ದು ಇದೇ ನಾಯಿ ಅಂತ ಯಾರು ಹೇಳಬೇಕು? ಶಿರಸಿಯಲ್ಲಿ ನಾವು ವಿಚಾರಿಸಿದಾಗ ಚಿಪ್ ಸಿಗಲಿಲ್ಲ, ಹಾಗಾಗಿ ಹುಬ್ಬಳ್ಳಿಗೆ ಹೋದೆವು. ಕಾರವಾರದವರಿಗೆ ಮಡಗಾಂವ್ ಹತ್ತಿರ. ಎಲ್ಲಿಗೇ ಹೋಗುವುದಿದ್ದರೂ ಮೊದಲು ಫೋನ್ ಮಾಡಿ, "15 ಅಂಕಿಯ ಐಎಸ್‌ಒ ಚಿಪ್ ಇದೆಯಾ, ಓದುವ ಸ್ಕ್ಯಾನರ್ ಇದೆಯಾ" ಎಂದು ಎರಡೂ ಕೇಳಿ.

ಚಿಪ್ ಅಕ್ಕಿ ಕಾಳಿನಷ್ಟು ಇರುತ್ತದೆ, ಸೂಜಿ ಮಾತ್ರ ದಪ್ಪ. ವೈದ್ಯರು ಪ್ಯಾಕೆಟ್ ಒಡೆಯುವ ಮೊದಲೇ ಅದರ ಮೇಲೆ ಸ್ಕ್ಯಾನರ್ ಹಿಡಿದು ಬೀಪ್ ಬರಿಸಿದರು, ಆಮೇಲೆ ಕರಿಯನ ಹೆಗಲ ನಡುವಿನ ಚರ್ಮ ಎತ್ತಿ ಹಾಕಿದರು, ಮತ್ತೆ ಸ್ಕ್ಯಾನ್ ಮಾಡಿ ಪರದೆಯ ಅಂಕಿಗಳನ್ನು ಜೋರಾಗಿ ಓದಿದರು, ನಾನು ಸ್ಟಿಕ್ಕರ್ ಮೇಲಿನ ಅಂಕಿ ನೋಡುತ್ತಾ "ಹೂಂ, ಹೂಂ" ಎನ್ನುತ್ತಾ ಹೋದೆ. ಈ ಓದುವ ಕೆಲಸ ಪ್ರತಿ ಸಲ ಮಾಡಿ. ಲಸಿಕೆ ಕಾರ್ಡ್, ಲ್ಯಾಬ್ ಫಾರಂ, ಆರೋಗ್ಯ ಪತ್ರ, ಎಲ್ಲದರಲ್ಲೂ ಅದೇ ನಂಬರ್ ಇರಬೇಕು. ಒಂದು ಅಂಕಿ ಆಚೀಚೆ ಆದರೂ ಅಲ್ಲಿ ಅದು ಬೇರೆ ನಾಯಿ.

ಅದೇ ದಿನ ಲಸಿಕೆಯೂ ಆಯಿತು. ಆ ಲಸಿಕೆಯಿಂದ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಸಬೇಕು. ಅದರಿಂದ ಬೇರ್ಪಡಿಸಿದ ಸೀರಂ, ಅಂದರೆ ರಕ್ತದ ತಿಳಿ ಭಾಗ, ಯುರೋಪ್ ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಐಸ್ ಪ್ಯಾಕ್‌ನಲ್ಲಿ ಹೋಗಬೇಕು. ಲಸಿಕೆಯಿಂದ ರಕ್ತದಲ್ಲಿ ಹುಟ್ಟುವ, ರೇಬೀಸ್ ವಿರುದ್ಧದ ಪ್ರತಿಕಾಯ ಒಂದು ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಘಟಕ) ಅಥವಾ ಜಾಸ್ತಿ ಇದ್ದರೆ ಪಾಸ್. ಪಾಸಾದರೂ ಕೂಡಲೇ ಹೊರಡುವ ಹಾಗಿಲ್ಲ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ವರದಿ ಬಂದ ದಿನದಿಂದಲ್ಲ, ರಕ್ತ ತೆಗೆದ ದಿನದಿಂದ. ಲಸಿಕೆಗೆ ಮುಂಚೆಯೇ ಎಲ್ಲಾದರೂ ಹುಚ್ಚುನಾಯಿ ಕಚ್ಚಿದ್ದರೆ ಸಾಮಾನ್ಯವಾಗಿ ಅಷ್ಟರಲ್ಲಿ ರೋಗ ಕಾಣಿಸಿಕೊಳ್ಳುತ್ತದೆ, ಅದಕ್ಕೇ ಈ ಕಾಯುವಿಕೆ. ಬೆಕ್ಕಿಗೂ ಇದೇ ನಿಯಮ. "ಬೆಕ್ಕಿಗೆಂಥಾ ರೇಬೀಸು" ಎಂದು ನಗುವವರು ನಮ್ಮಲ್ಲಿ ಜಾಸ್ತಿ, ಆದರೆ ಬೆಕ್ಕಿಗೂ ಬರುತ್ತದೆ, ಬೆಕ್ಕಿನಿಂದ ಮನುಷ್ಯರಿಗೂ ಬರುತ್ತದೆ.

ಅಂದರೆ ಎಲ್ಲ ಸರಿಯಾಗಿ ನಡೆದರೂ ನಾಲ್ಕು ತಿಂಗಳು ಬೇಕೇ ಬೇಕು. ಆರು ತಿಂಗಳು ಇಟ್ಟುಕೊಳ್ಳಿ.

ಈ ಸಮಯವನ್ನು ಸುಮ್ನೆ ಕಳೆಯಬೇಡಿ, ಪೆಟ್ಟಿಗೆ ಅಭ್ಯಾಸ ಮಾಡಿಸಿ. ನನ್ನ ಮಟ್ಟಿಗೆ ಇಡೀ ಪ್ರಯಾಣದಲ್ಲಿ ಪ್ರಾಣಿಗೆ ನಿಜವಾಗಿ ಸಹಾಯ ಆಗುವುದು ಇದೊಂದೇ, ಉಳಿದದ್ದೆಲ್ಲ ಅಧಿಕಾರಿಗಳಿಗಾಗಿ. ಪೆಟ್ಟಿಗೆಯೊಳಗೆ ನಾಯಿ ಕಿವಿ ತಾಗದಂತೆ ನಿಲ್ಲಬೇಕು, ಪೂರ್ತಿ ತಿರುಗಬೇಕು, ಕಾಲು ಚಾಚಿ ಮಲಗಬೇಕು. ಪ್ಲಾಸ್ಟಿಕ್ ಕ್ಲಿಪ್ ನಂಬಬೇಡಿ, ನಾವು ಹಾರ್ಡ್‌ವೇರ್ ಅಂಗಡಿಯಿಂದ ಕಬ್ಬಿಣದ ನಟ್ಟು ಬೋಲ್ಟು ತಂದು ಬಿಗಿದೆವು. ಪೆಟ್ಟಿಗೆಯನ್ನು ಬಾಗಿಲು ತೆಗೆದು ಜಗಲಿಯಲ್ಲೇ ಇಟ್ಟೆವು. ಕರಿಯ ಮೊದಮೊದಲು ಕತ್ತು ಮಾತ್ರ ಒಳಗೆ ಹಾಕಿ ಹಾಲನ್ನ ತಿಂದು ಹಿಂದೆ ಸರಿಯುತ್ತಿದ್ದ. ತಟ್ಟೆಯನ್ನು ದಿನಾ ಸ್ವಲ್ಪ ಸ್ವಲ್ಪ ಒಳಗೆ ತಳ್ಳುತ್ತಾ ಹೋದೆ. ಕೊನೆಗೆ ಮಧ್ಯಾಹ್ನದ ನಿದ್ದೆಗೆ ತಾನೇ ಒಳಗೆ ಹೋಗತೊಡಗಿದ. ಆಯಿ ತನ್ನ ಹಳೇ ಸೀರೆ ಮಡಚಿ ಹಾಸಿದಳು, ಅದರ ಮೇಲೆ ಒಣಹುಲ್ಲನ್ನೂ ಹಾಸುತ್ತೇನೆ ಎಂದಳು. ಹುಲ್ಲು ಬೇಡ, ಅದನ್ನು ಆ ದೇಶದೊಳಗೆ ಬಿಡುವುದಿಲ್ಲ.

ನಿದ್ದೆ ಮಾತ್ರೆ ಬೇಡವೇ ಬೇಡ. ಮೇಲೆ ಹೋದಾಗ ಉಸಿರು, ರಕ್ತದೊತ್ತಡ ಏರುಪೇರಾಗುವ ಅಪಾಯ ಇದೆ. ಮಾತ್ರೆ ಕೊಟ್ಟ ಪ್ರಾಣಿಯನ್ನು ಎಷ್ಟೋ ವಿಮಾನ ಕಂಪನಿಗಳು ಹತ್ತಿಸಿಕೊಳ್ಳುವುದೂ ಇಲ್ಲ. ಪಗ್, ಪರ್ಷಿಯನ್ ಬೆಕ್ಕಿನಂಥ ಚಪ್ಪಟೆ ಮೂಗಿನವಕ್ಕೂ ಹಲವು ಕಡೆ ತಕರಾರು, ಮೊದಲೇ ಕೇಳಿ.

ಕೊನೆಯ ವಾರ ಓಡಾಟ. ಯುರೋಪಿನ ಆರೋಗ್ಯ ಪತ್ರಕ್ಕೆ ಸರ್ಕಾರಿ ಪಶುವೈದ್ಯರ ಸಹಿ, ಮುದ್ರೆ ಬೇಕು. ನಮಗೆ ಅದು ಆದದ್ದು ಬೆಂಗಳೂರಿನ ಎಕ್ಯೂಸಿಎಸ್ ಕಚೇರಿಯಲ್ಲಿ, ಅಂದರೆ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿ. ಪತ್ರ ಕೊಟ್ಟ 10 ದಿನದೊಳಗೆ ಯುರೋಪ್ ಮುಟ್ಟಬೇಕು, ಹಾಗಾಗಿ ಇದನ್ನು ಮುಂಚೆಯೇ ಮಾಡಿಸಿಡುವ ಹಾಗಿಲ್ಲ. ಸಹಿ ಮುದ್ರಣದ ಬಣ್ಣಕ್ಕಿಂತ ಬೇರೆ ಬಣ್ಣದಲ್ಲಿರಬೇಕು. ನಾನು ನೀಲಿ ಪೆನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದೆ, ಅಲ್ಲಿ ಮೇಜಿನ ಮೇಲಿದ್ದದ್ದು ಕಪ್ಪು ಪೆನ್ನು! ನಮ್ಮ ಮಲೆನಾಡಿನವರಿಗೆ ಇನ್ನೊಂದು ಮಾತು: ಹೊರಡುವ ಮೊದಲು ಉಣುಗು ನೋಡಿ. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಒಂದು ಅಂಟಿಕೊಂಡಿದ್ದರೂ ತಪಾಸಣೆಯಲ್ಲಿ ಮುಖ ಕೆಡುತ್ತದೆ.

ಬೆಂಗಳೂರಿಗೆ ಕಾರಿನಲ್ಲೇ ಹೋದೆವು, ಹಾವೇರಿ, ದಾವಣಗೆರೆ ದಾರಿಯಲ್ಲಿ. ಚಿನ್ನಿ ಹಾವೇರಿಯವರೆಗೂ ಕೂಗಿದಳು. ನೀರಿನ ಬಟ್ಟಲನ್ನು ಪೆಟ್ಟಿಗೆ ಬಾಗಿಲಿಗೆ ಸಿಕ್ಕಿಸುವ ಮೊದಲು ನೀರನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿದ್ದೆವು, ಎತ್ತಿ ಇಳಿಸುವಾಗ ಚೆಲ್ಲುವುದಿಲ್ಲ, ಆಮೇಲೆ ನಿಧಾನ ಕರಗುತ್ತದೆ. ಕರಿಯ ವಿಮಾನದ ಹೊಟ್ಟೆಯಲ್ಲಿ. ಅಲ್ಲಿ ಗಾಳಿಯ ಒತ್ತಡ, ಬಿಸಿ ಎಲ್ಲ ನಿಯಂತ್ರಣದಲ್ಲಿ ಇರುತ್ತದೆ, ಸಾಮಾನಿನ ಗುಡೌನ್ ಅಂತ ಹೆದರಬೇಡಿ. ಬ್ಯಾಗೂ ಸೇರಿ ತೂಕ ಮಿತಿಯೊಳಗೆ ಇದ್ದದ್ದಕ್ಕೆ ಚಿನ್ನಿ ನಮ್ಮ ಜೊತೆ ಮೇಲೆ ಬಂದಳು. ಭದ್ರತಾ ತಪಾಸಣೆಯಲ್ಲಿ ಬ್ಯಾಗ್ ಎಕ್ಸ್‌ರೇಗೆ ಹೋಗುತ್ತದೆ, ಬೆಕ್ಕು ನಿಮ್ಮ ಕೈಯಲ್ಲಿ. ಎದೆಗೆ ಬಿಗಿಯುವ ಬೆಲ್ಟ್, ಹಗ್ಗ ಇಲ್ಲದೆ ಅಲ್ಲಿಗೆ ಹೋಗಲೇಬೇಡಿ. ಆ ಗದ್ದಲದಲ್ಲಿ ಅವಳು ನನ್ನ ಹೆಗಲಿಗೆ ನೆಟ್ಟ ಉಗುರಿನ ಗುರುತು ತುಂಬಾ ದಿನ ಇತ್ತು.

ಫ್ರಾಂಕ್‌ಫರ್ಟ್‌ನಲ್ಲಿ ಚಿಪ್ ಓದಿದರು, ಕಾಗದ ನೋಡಿದರು, ಮುಗಿಯಿತು. ಕಾಗದ ಸರಿ ಇಲ್ಲದಿದ್ದರೆ ವಾಪಸ್ ಕಳಿಸಬಹುದು, ಇಲ್ಲವೇ ನಮ್ಮ ಖರ್ಚಿನಲ್ಲಿ ಕ್ವಾರಂಟೈನ್‌ನಲ್ಲಿ ಇಡಬಹುದು. ಮಾಂಸ, ಹಾಲಿನ ಪದಾರ್ಥ ಮಾತ್ರ ತರಬೇಡಿ, ಅವು ಸೇರಿದ ನಾಯಿ ತಿಂಡಿಯೂ ಬೇಡ. ಆಯಿ ಕಟ್ಟಿಕೊಟ್ಟ ತುಪ್ಪದ ಡಬ್ಬಿಯೂ ಇದೇ ಲೆಕ್ಕಕ್ಕೆ ಬರುತ್ತದೆ, ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆವು.

ಇಲ್ಲಿ ನಾಯಿ ಸಾಕಿದರೆ ನಗರಾಡಳಿತಕ್ಕೆ ತೆರಿಗೆ ಕಟ್ಟಬೇಕು, ಬೆಕ್ಕಿಗೆ ಇಲ್ಲ. ಬಂದ ಮೇಲೆ ಇಲ್ಲಿನ ಪಶುವೈದ್ಯರಲ್ಲಿ ನೀಲಿ ಬಣ್ಣದ ಪೆಟ್ ಪಾಸ್‌ಪೋರ್ಟ್ ಮಾಡಿಸಿ, ರಕ್ತ ಪರೀಕ್ಷೆಯ ಫಲಿತಾಂಶವನ್ನು ಅದರಲ್ಲಿ ಬರೆಸಿಕೊಳ್ಳಿ. ಹಾಗೆ ಬರೆಸಿದ್ದರೆ ಊರಿಗೆ ಕರೆದುಕೊಂಡು ಹೋಗಿ ವಾಪಸ್ ಬರುವಾಗ ಮತ್ತೆ ಮೂರು ತಿಂಗಳು ಕಾಯಬೇಕಿಲ್ಲ. ಆದರೆ ರೇಬೀಸ್ ಬೂಸ್ಟರ್ ಒಂದು ದಿನವೂ ತಡ ಆಗಬಾರದು, ತಡವಾದರೆ ಲಸಿಕೆ, ರಕ್ತ, ಕಾಯುವುದು ಎಲ್ಲ ಹೊಸದಾಗಿ ಮಾಡಬೇಕು.