ಒಣ ಅಣಬೆ ಮೇಲೋ, ಹಸಿಯದೋ?

ಪೊಟ್ಟಣದ ಹಿಂದೆ ಬರೆದದ್ದು ಓದಿ, ಒಣ ಅಣಬೆಯಲ್ಲಿ ಹಸಿಗಿಂತ ಎಂಟ್ಹತ್ತು ಪಟ್ಟು ಪ್ರೋಟೀನ್ ಅಂತ ಕುಣಿಯೋದು ನಿಲ್ಲಿಸಿ. ಹಸಿ ಅಣಬೆಯಲ್ಲಿ ನೂರಕ್ಕೆ 90 ಪಾಲು ನೀರು. ಒಂದು ಕೆಜಿ ಚಿಪ್ಪಣಬೆ ಒಣಗಿದರೆ ಉಳಿಯೋದು ಸುಮಾರು 100 ಗ್ರಾಂ. ನೀರು ಹೋಯಿತು, ಸತ್ವ ದಟ್ಟವಾಯಿತು, ಅಷ್ಟೇ. ಒಂದು ಹಿಡಿ ನೆನೆಸಿ ಸಾರಿಗೆ ಹಾಕಿದರೆ ಮತ್ತೆ ಹಸಿಯಷ್ಟೇ.

ಬಿಸಿಲಲ್ಲಿ ಒಣಗಿಸಿದ್ದಕ್ಕೆ ಮಾತ್ರ ಒಂದು ಹೆಚ್ಚುಗಾರಿಕೆ ಇದೆ, ವಿಟಮಿನ್ ಡಿ. ಅದಕ್ಕೆ ಕೊಡೆಯ ಅಡಿಯ ನೆರಿಗೆಯ ಭಾಗ ಮೇಲೆ ಮಾಡಿ ನಡುಹಗಲಿನ ಬಿಸಿಲಿಗೆ ಹರವಬೇಕು. ಮುರಿದರೆ ಹಪ್ಪಳದ ಹಾಗೆ ಪಟ್ ಅನ್ನಬೇಕು. ಚರ್ಮದ ಹಾಗೆ ಬಗ್ಗಿದರೆ ಇನ್ನೊಂದು ದಿನ ಬಿಸಿಲು ಬೇಕು. ಬಿಸಿ ಆರದೆ ಡಬ್ಬಿಗೆ ತುಂಬಿದರೆ ಒಳಗೇ ಬೆವೆತು ಬೂಸಲು ಹಿಡಿಯುತ್ತೆ. ಬೂಸಲು ಬಂದದ್ದನ್ನು ಕೆರೆದು ಉಳಿಸಬೇಡಿ, ಡಬ್ಬಿಯಷ್ಟೂ ಚೆಲ್ಲಿ. ಹಿಂದೆ ಮಲೆನಾಡಿನಲ್ಲಿ ಮಳೆಗಾಲಕ್ಕೆ ಅಂತ ಒಣಗಿಸಿದ್ದೆಲ್ಲ ಒಲೆ ಮೇಲಿನ ಅಟ್ಟ ಸೇರುತ್ತಿತ್ತು. ಹೊಗೆಗೆ ಹುಳವೂ ಇಲ್ಲ, ತೇವವೂ ಇಲ್ಲ.

ಎಲ್ಲರೂ ಕೆಡಿಸೋದು ನೆನೆಸುವಾಗ. ಮೊದಲು ತಣ್ಣೀರಲ್ಲಿ ಒಮ್ಮೆ ಜಾಲಾಡಿ ಆ ನೀರು ಚೆಲ್ಲಿ. ಆಮೇಲೆ ಬೆರಳು ತಡೆಯುವಷ್ಟು ಬಿಸಿನೀರು ಮುಳುಗುವಷ್ಟು ಹಾಕಿ, ಮೇಲೊಂದು ಸಣ್ಣ ತಟ್ಟೆ ಹೇರಿ. ಇಲ್ಲದಿದ್ದರೆ ತೇಲಿ ಅರ್ಧ ನೆನೆಯುತ್ತೆ. ಅರ್ಧ ಗಂಟೆ ಸಾಕು. ಕುದಿಯುವ ನೀರು ಸುರಿದರೆ ಹೊರಗೆ ಲೋಳೆ, ನಡುವೆ ಗಟ್ಟಿ. ರಾತ್ರಿಯಿಡೀ ಹೊರಗೆ ನೆನೆಯಲು ಬಿಟ್ಟರೆ ಹುಳಿ ವಾಸನೆ ಬಂದು ಹಾಳು. ನೆಂದ ಮೇಲೆ ಪಾತ್ರೆಯನ್ನು ಜರಡಿಗೆ ಬಗ್ಗಿಸಬೇಡಿ, ತಳದ ಮರಳೆಲ್ಲ ವಾಪಸ್ ಅಣಬೆ ಮೇಲೇ ಬೀಳುತ್ತೆ! ಕೈಯಲ್ಲಿ ಎತ್ತಿ, ಹಿಂಡಿ, ತೆಗೆಯಿರಿ. ಉಳಿದ ಕಂದು ನೀರಿನಲ್ಲೇ ಸ್ವಾದ ಇರೋದು. ತೆಳು ಬಟ್ಟೆಯಲ್ಲಿ ಸೋಸಿ, ಕೊನೆಯ ಎರಡು ಚಮಚ ತಳದಲ್ಲೇ ಬಿಟ್ಟು, ಸಾರಿಗೆ ಹಾಕಿ ಚೆನ್ನಾಗಿ ಕುದಿಸಿ.

ಹಸಿಯದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿಡಬೇಡಿ. ಕಾಗದದ ಚೀಲದಲ್ಲಿ ಫ್ರಿಜ್ಜಿಗಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಮುಟ್ಟಿದರೆ ಜಾರಿತೋ, ತಿಪ್ಪೆಗೆ.

ಗುರುತಿಲ್ಲದ ಕಾಡಣಬೆಯನ್ನು ಒಣಗಿಸಿದರೆ ವಿಷ ಹೋಗುತ್ತೆ ಅನ್ನೋದು ಶುದ್ಧ ಸುಳ್ಳು. ಮಾರಕ ಅಣಬೆಯ ವಿಷ ಒಣಗಿಸಿದರೂ ಕುದಿಸಿದರೂ ಹಾಗೇ ಇರುತ್ತೆ, ಬೆಳ್ಳಿ ನಾಣ್ಯ ಹಾಕಿ ಕಪ್ಪಾಗಲಿಲ್ಲ ಅಂದರೂ ಇರುತ್ತೆ. ವಾಂತಿ ಭೇದಿ ಶುರುವಾಗೋದು ಆರೇಳು ಗಂಟೆ ಕಳೆದ ಮೇಲೆ. ಆಮೇಲೆ ಒಂದು ದಿನ ಸುಧಾರಿಸಿದ ಹಾಗೆ ಕಂಡರೂ ಒಳಗೆ ಪಿತ್ತಜನಕಾಂಗ ಕೆಡುತ್ತಿರುತ್ತೆ. ಅನುಮಾನ ಬಂದ ಕೂಡಲೇ ಉಳಿದ ಅಣಬೆಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.